ಬೇಸಿಗೆ ಬರಲಿ ಅಂತ ಕಾಯಬೇಡಿ

ನಿಮ್ಮ ಮೆಸೇಜ್ ಓದಿದೆ. ಫಿನ್ಲೆಂಡಿನ ಹೆಲ್ಸಿಂಕಿಗೆ ಬಂದು ಎರಡು ತಿಂಗಳಾಯ್ತು, ಮಧ್ಯಾಹ್ನ ಮೂರೂಕಾಲಕ್ಕೇ ಕತ್ತಲಾಗುತ್ತೆ, ಶನಿವಾರ ಭಾನುವಾರ ಮನೆಯೊಳಗೇ ಕೂತು ಸಾಕಾಗಿದೆ, ಮನೆಯವರು ವಾಪಸ್ ಹೋಗೋಣ ಅಂತಿದ್ದಾರೆ ಅಂತ ಬರೆದಿದ್ದೀರಿ. ಆರು ವರ್ಷದ ಮಗನನ್ನು ಈ ಚಳಿಯಲ್ಲಿ ಎಲ್ಲಿಗೆ ಕರ್ಕೊಂಡು ಹೋಗೋದು ಅಂತ ಕೇಳಿದ್ದೀರಿ. ನಾವು ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ಮೊದಲನೇ ಚಳಿಗಾಲವನ್ನು ಪೂರ್ತಿ ಕಿಟಕಿ ಪಕ್ಕ ಕೂತು ಕಳೆದವಳು ನಾನು. ನಿಮ್ಮ ಮನೆಯವರ ಸಂಕಟ ನನಗೆ ಗೊತ್ತು.

ಬೇಸಿಗೆ ಬರಲಿ ಅಂತ ಕಾಯಬೇಡಿ. ಈಗಲೇ ಹೊರಗೆ ಹೋಗಿ. ಅದರಲ್ಲೂ ನೀರು ಹರಿಯೋ ಜಾಗಕ್ಕೆ ಹೋಗಿ.

ನೀರೇ ಯಾಕೆ ಅಂತ ಹೇಳ್ತೀನಿ. ಇಲ್ಲಿ ಕತ್ತಲಿಗಿಂತ ಜಾಸ್ತಿ ಕಾಡೋದು ಮೌನ. ಹಿಮ ಬಿದ್ದ ಮೇಲೆ ಕೆರೆ, ಕಾಡು, ರಸ್ತೆ ಯಾವುದಕ್ಕೂ ಸದ್ದೇ ಇರಲ್ಲ. ನಮ್ಮ ಊರುಗಳಲ್ಲಿ ರಾತ್ರಿ ಎರಡು ಗಂಟೆಗೂ ಏನೋ ಒಂದು ಸದ್ದು ಇರುತ್ತೆ ಅಲ್ವಾ? ಅದಕ್ಕೆ ಒಗ್ಗಿದ ಕಿವಿಗೆ ಈ ಮೌನ ತುಂಬಾ ಭಾರ.

ಮೂರನೇ ವರ್ಷ ಫೆಬ್ರವರಿಯ ಶಾಲೆ ರಜೆಯಲ್ಲಿ ನಾವು ಕೂಸಮೊಗೆ ಹೋಗಿದ್ದೆವು. ಈ ರಜೆಗೆ ಇಲ್ಲಿ ಹೀಹ್ತೊಲೋಮಾ ಅಂತಾರೆ, ಅಂದರೆ ಸ್ಕೀ ರಜೆ. ರಾತ್ರಿ ರೈಲಲ್ಲಿ ಔಲುವರೆಗೆ, ಅಲ್ಲಿಂದ ಬಸ್ಸು. ಕೂಸಮೊದಿಂದ ಉತ್ತರಕ್ಕೆ ಯೂಮಾ ಅಂತ ಒಂದು ಹಳ್ಳಿ. ಆರ್ಕ್ಟಿಕ್ ವೃತ್ತ ಅಲ್ಲಿಂದ ಹೆಚ್ಚು ದೂರವಿಲ್ಲ. ಔಲಾಂಕಾ ರಾಷ್ಟ್ರೀಯ ಉದ್ಯಾನದ 'ಚಿಕ್ಕ ಕರಡಿ ಹಾದಿ' ಅನ್ನೋ ಕಾಲ್ನಡಿಗೆ ದಾರಿ ಶುರುವಾಗೋದು ಅಲ್ಲೇ. ಪೂರ್ತಿ ಸುತ್ತು 12 ಕಿಲೋಮೀಟರ್. ಚಳಿಗಾಲದಲ್ಲಿ ಮಕ್ಕಳ ಜೊತೆ ಅಷ್ಟು ಬೇಡ. ನಡುವೆ ಸಿಗೋ ಜಲಪಾತದವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬಂದರೆ ಐದಾರು ಕಿಲೋಮೀಟರ್ ಆಗುತ್ತೆ.

ಅವತ್ತು ಮೈನಸ್ ಹದಿನೆಂಟು. ಮರಗಳ ಮಧ್ಯೆ ನಡೀತಾ ಇದ್ದಾಗ ನಮ್ಮ ಬೂಟಿನ ಕೆಳಗೆ ಹಿಮ ಕಿರುಗುಟ್ಟೋದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಮೇಲೆ ದೂರದಿಂದ ಭೋರ್ ಅಂತ ಕೇಳಿಸ್ತು. ಮಗಳು ನಿಂತುಬಿಟ್ಟಳು. "ಅಮ್ಮಾ, ಮಳೆ!" ಅಂದಳು. ಅದು ಕಿಟ್ಕಾ ನದಿ. ಕೊರಕಲಲ್ಲಿ ನೀರು ಅಷ್ಟು ರಭಸವಾಗಿ ಹೊರಳಾಡ್ತಾ ಹರಿಯುತ್ತೆ, ಮೇಲೆ ಐಸ್ ಹೆಪ್ಪುಗಟ್ಟೋಕೆ ಪುರುಸೊತ್ತೇ ಸಿಗಲ್ಲ. ಎರಡೂ ದಡದಲ್ಲಿ ಬಿಳಿ ಐಸ್, ನಡುವೆ ಕಪ್ಪು ನೀರು, ಮೇಲೆ ಹಬೆ.

ತೂಗುಸೇತುವೆಯ ಪಕ್ಕದಲ್ಲೇ ಹಳೇ ನೀರಿನ ಗಿರಣಿ ಇದೆ. ಮ್ಯುಲ್ಲು ಅಂದರೆ ಗಿರಣಿ, ಕೊಸ್ಕಿ ಅಂದರೆ ರಭಸದ ಹರಿವು. ಹಾಗಾಗಿ ಆ ಜಾಗದ ಹೆಸರೇ ಮ್ಯುಲ್ಲುಕೊಸ್ಕಿ. ಗಿರಣಿ 1926ರಲ್ಲಿ ಕಟ್ಟಿದ್ದು. ಬೂದಿ ಬಣ್ಣಕ್ಕೆ ತಿರುಗಿದ ಮರದ ದಿಮ್ಮಿಗಳು, ಸೂರಿನ ತುಂಬಾ ನನ್ನ ತೋಳುದ್ದದ ಐಸ್ ಕೋಲುಗಳು. ಈಗ ಅದು ನಡೆಯೋರಿಗೆ ತಂಗೋ ಜಾಗ. ನಾವೂ ಒಳಗೆ ಕೂತು ಫ್ಲಾಸ್ಕಿನಿಂದ ಶುಂಠಿ ಚಹಾ ಕುಡಿದೆವು. ನನ್ನ ಚೀಲದಲ್ಲಿ ರಿಯೆಸ್ಕಾ ಇತ್ತು. ಅದು ಬಾರ್ಲಿ ಹಿಟ್ಟಿನ ತೆಳು ರೊಟ್ಟಿ, ಬೆಣ್ಣೆ ಹಚ್ಚಿ ತಿಂತಾರೆ. ಈ ಉತ್ತರದ ಚಳಿಗೆ ಬೆಳೆಯೋ ಧಾನ್ಯ ಮುಖ್ಯವಾಗಿ ಬಾರ್ಲಿಯೇ. 1860ರ ದಶಕದ ಬರಗಾಲದಲ್ಲಿ ಅದೂ ಬೆಳೆಯದೆ ಪೈನ್ ಮರದ ಒಳತೊಗಟೆ ಅರೆದು ಹಿಟ್ಟಿಗೆ ಬೆರೆಸಿ ತಿಂದ ಜನ ಇವರು. ಇಲ್ಲಿನ ಹಳ್ಳಿಗಳಲ್ಲಿ ನಾಲ್ಕಾರು ಮನೆಯವರು ಸೇರಿ ಒಂದು ಗಿರಣಿ ಕಟ್ಟಿ, ಸರದಿ ಪ್ರಕಾರ ಬೀಸಿಕೊಳ್ತಿದ್ದರು. ಚಿಕ್ಕವಳಿದ್ದಾಗ ಹಿಟ್ಟಿನ ಗಿರಣಿ ಮುಂದೆ ಡಬ್ಬಿ ಇಟ್ಟುಕೊಂಡು ಸರದಿ ಕಾಯ್ತಿದ್ದದ್ದು, ವಾಪಸ್ ಬರುವಾಗ ಡಬ್ಬಿ ಬೆಚ್ಚಗೆ ಸೊಂಟಕ್ಕೆ ತಾಗ್ತಿದ್ದದ್ದು, ಎಲ್ಲ ಅಲ್ಲಿ ಕೂತಾಗ ನೆನಪಾಯ್ತು. ಈ ದೇಶದವರು ನನಗೆ ಮೊದಲ ಸಲ ಹತ್ತಿರದವರು ಅನ್ನಿಸಿದ್ದು ಆ ಗಿರಣಿಯೊಳಗೆ.

ಅಲ್ಲಿಂದ ಸ್ವಲ್ಪ ದೂರಕ್ಕೆ ಯುರ್ಯಾವ್ಯಾ ಜಲಪಾತ. ಎತ್ತರ 9 ಮೀಟರ್ ಅಷ್ಟೇ. ನಾನು ಸಾಗರದ ಕಡೆಯವಳು, 253 ಮೀಟರ್‌ನ ಜೋಗ ನೋಡಿ ಬೆಳೆದವಳು. ಆದರೂ ಅಲ್ಲಿ ನಿಂತು ಕಣ್ಣೀರು ಬಂತು. ಅಜ್ಜನ ಮನೆ, ತೋಟ ಲಿಂಗನಮಕ್ಕಿ ಮುಳುಗಡೆಯಲ್ಲಿ ಹೋಯ್ತು. ಬೇಸಿಗೆಯಲ್ಲಿ ಜೋಗದ ಬಂಡೆ ಒಣಗಿ ನಿಂತಿರೋದನ್ನು ಎಷ್ಟು ಸಲ ನೋಡಿಲ್ಲ! ಈ ಕಿಟ್ಕಾ ನದಿಗೆ ಯಾರೂ ಅಣೆಕಟ್ಟು ಕಟ್ಟಿಲ್ಲ. ಮೈನಸ್ ಹದಿನೆಂಟರಲ್ಲೂ ತನ್ನ ಪಾಡಿಗೆ ತಾನು ಧುಮುಕ್ತಾ ಇತ್ತು.

ಅಲ್ಲೇ ಐಸ್ ಅಂಚಿನಲ್ಲಿ ಒಂದು ಹಕ್ಕಿ. ಕಂದುಗಪ್ಪು ಮೈ, ಎದೆ ಮಾತ್ರ ಅಚ್ಚ ಬಿಳಿ. ಹೆಸರು ಕೊಸ್ಕಿಕರಾ. ಬಸ್ಕಿ ಹೊಡೆದ ಹಾಗೆ ಎರಡು ಸಲ ಬಗ್ಗಿ ಎದ್ದು, ಪುಳಕ್ಕಂತ ಆ ನೀರಿಗೇ ಹಾರಿತು! ಮುಳುಗಿ, ಹುಳ ಹಿಡಿದುಕೊಂಡು ಮತ್ತೆ ಅದೇ ಜಾಗಕ್ಕೆ ಬಂತು. ಮೈ ಕೊಡವಿಕೊಂಡಿತು. ಹರಿಯೋ ನೀರು ಇರೋ ಕಡೆ ಇಡೀ ಚಳಿಗಾಲ ಕಳೆಯುತ್ತೆ ಅದು. ಮಗಳು ಕಾಲು ಗಂಟೆ ಅಲ್ಲಿಂದ ಕದಲಲಿಲ್ಲ.

ಈಗ ನೀವು ತಯಾರಾಗೋ ವಿಷಯ. ದಯವಿಟ್ಟು ಜೀನ್ಸ್ ಹಾಕಬೇಡಿ. ಮೊದಲ ಸಲ ನಾನು ಜೀನ್ಸ್, ಹತ್ತಿ ಕಾಲುಚೀಲ ಹಾಕಿಕೊಂಡು ಹೋಗಿದ್ದೆ. ಒದ್ದೆಯಾಗಿ ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ. ಬೆಂಕಿ ಹತ್ತಿರ ಕೂತಿದ್ದ ಒಬ್ಬ ವಯಸ್ಸಾದವರು ಏನೂ ಮಾತಾಡದೆ ತಮ್ಮ ಚೀಲದಿಂದ ಒಂದು ಜೊತೆ ಉಣ್ಣೆ ಕಾಲುಚೀಲ ತೆಗೆದು ಕೊಟ್ಟರು. ಇನ್ನೂ ಇಟ್ಟುಕೊಂಡಿದ್ದೀನಿ. ಮೈಗೆ ತಾಗೋ ಬಟ್ಟೆ ಉಣ್ಣೆಯದೇ ಇರಲಿ. ಬೂಟು ಒಂದು ಸೈಜ್ ದೊಡ್ಡದಿರಲಿ, ಒಳಗೆ ಗಾಳಿ ಆಡಬೇಕು. ಮೊಬೈಲ್ ಒಳಜೇಬಿನಲ್ಲಿ ಇಡಿ, ಚಳಿಗೆ ಬ್ಯಾಟರಿ ಥಟ್ಟಂತ ಇಳಿದುಬಿಡುತ್ತೆ. ತುರ್ತು ಸಹಾಯದ 112ರ ಆ್ಯಪ್ ಹಾಕಿಕೊಳ್ಳಿ. ಅದರಿಂದ ಕರೆ ಮಾಡಿದರೆ ನೀವು ಎಲ್ಲಿದ್ದೀರಿ ಅಂತ ಅವರಿಗೆ ತಾನಾಗೇ ತಿಳಿಯುತ್ತೆ. ತಲೆಗೆ ಕಟ್ಟೋ ಟಾರ್ಚ್, ಕೂರೋಕೆ ಒಂದು ಫೋಮ್ ತುಂಡು. ಇಲ್ಲಿನ ಪುಟ್ಟ ಮಕ್ಕಳೂ ಆ ಫೋಮ್ ಇಲ್ಲದೆ ಕಾಡಿಗೆ ಹೋಗಲ್ಲ.

ಇನ್ನೊಂದು ಮಾತು, ಇದನ್ನು ಮರೀಬೇಡಿ. ಹರಿಯೋ ನೀರಿನ ಹತ್ತಿರದ ಐಸ್ ಮೇಲೆ ಕಾಲಿಡಲೇಬಾರದು. ಕೆರೆಯ ಮೇಲೆ ಜನ ನಡೀತಾರೆ ಅಂತ ನದಿಯ ಮೇಲೂ ನಡೆಯೋಕಾಗಲ್ಲ. ಮೇಲೆ ಹಿಮ ಮುಚ್ಚಿರುತ್ತೆ, ಕೆಳಗೆ ಐಸ್ ತೆಳುವಾಗಿರುತ್ತೆ. ಮಗನ ಕೈ ಬಿಡಬೇಡಿ.

ಬೆಂಕಿ ಹಾಕೋ ಜಾಗಗಳಲ್ಲಿ ಉದ್ಯಾನದವರೇ ಸೌದೆ ಇಟ್ಟಿರ್ತಾರೆ, ದುಡ್ಡು ಕೇಳಲ್ಲ. ಜಲಪಾತದ ಪಕ್ಕದ ಸೀಲಸ್ತುಪಾ ಗುಡಿಸಲಲ್ಲಿ ನಾವು ಬೆಂಕಿ ಹಾಕಿ ಚಪಾತಿ ಬಿಸಿ ಮಾಡಿಕೊಂಡೆವು. ಬರುವಾಗ ಮುಂದಿನವರಿಗೆ ಅಂತ ಒಂದಿಷ್ಟು ಸೌದೆ ಸೀಳಿಟ್ಟು ಬರೋದು ಇಲ್ಲಿನ ಪದ್ಧತಿ.

ಕೂಸಮೊ ದೂರ ಅನ್ನಿಸಿದರೆ ಮೊದಲು ನಮ್ಮ ಹೆಲ್ಸಿಂಕಿಯಲ್ಲೇ ಇರೋ ವನ್ಹನ್‌ಕೌಪುಂಗಿನ್‌ಕೊಸ್ಕಿಗೆ ಹೋಗೋಣ. 1550ರಲ್ಲಿ ಈ ನಗರ ಹುಟ್ಟಿದ್ದು ಆ ನದಿಬಾಯಲ್ಲೇ. ಹಿಂದೆ ಅಲ್ಲೂ ನೀರಿನ ಗಿರಣಿಗಳು ಓಡ್ತಿದ್ದವು. ಟ್ರ್ಯಾಮ್ ಇಳಿದು ಸ್ವಲ್ಪ ನಡೆದರೆ ಸಾಕು, ಸದ್ದು ಕೇಳಿಸುತ್ತೆ.

ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು, ನಮ್ಮವರು, ಮಗಳು ಹೋಗ್ತಾ ಇದ್ದೀವಿ. ನೀವೂ ಬನ್ನಿ, ಮನೆಯವರನ್ನು ಕರ್ಕೊಂಡೇ ಬನ್ನಿ. ಚಿತ್ರಾನ್ನ ನಾನು ತರ್ತೀನಿ. ಮಗಳ ಹಳೇ ಹಿಮದ ಸೂಟು, ಬೂಟು ಅಟ್ಟದ ಮೇಲೆ ಇವೆ. ನಿಮ್ಮ ಮಗನ ಬೂಟಿನ ಸೈಜ್ ಎಷ್ಟು ಅಂತ ಇವತ್ತೇ ತಿಳಿಸಿ, ತೆಗೆದಿಟ್ಟಿರ್ತೀನಿ.