ಎಣ್ಣೆಗಿಂತ ಎಣ್ಣೆ ಒರೆಸಿದ ಬಟ್ಟೆಗೆ ಹೆದರಿ

ಪ್ರಶ್ನೆ: ತೋಟದ ಹಲಸಿನ ಮರ ಗಾಳಿಗೆ ಬಿದ್ದಾಗ ಕೊಯ್ಸಿಟ್ಟಿದ್ದ ಹಲಗೆಯಲ್ಲಿ ಅಡುಗೆಮನೆಗೆ ನಾಲ್ಕು ಕಪಾಟು ಮಾಡಿಸಿದ್ದೇವೆ. ಆಚಾರ್ರು ಮೆಲಮಿನ್ ಪಾಲಿಶ್ ಹೊಡೆಸಿ ಅಂತಾರೆ. ನನಗೆ ಆ ಹೊಳಪು ಬೇಡ, ಎಣ್ಣೆ ಕುಡಿದ ಮರದ ಬಣ್ಣವೇ ಇಷ್ಟ. ಮನೆಯ ಕೊಬ್ಬರಿ ಎಣ್ಣೆಯನ್ನೇ ಹಚ್ಚಬಹುದೇ? ಎರಡು ವರ್ಷದ ಮಗು ಇದೆ, ಅದಕ್ಕೇ ಭಯ.
— ಓದುಗರೊಬ್ಬರು, ಗುಬ್ಬಿ ತಾಲ್ಲೂಕು

ಉತ್ತರ: ಕೊಬ್ಬರಿ ಎಣ್ಣೆ ಬೇಡ. ತಿಪಟೂರಿನ ಸೀಮೆಯಲ್ಲಿ ಕೂತು ಹೀಗೆ ಬರೆಯುವುದು ನನಗೂ ಕಷ್ಟವೇ, ಆದರೆ ಅದು ಒಣಗುವ ಎಣ್ಣೆಯಲ್ಲ. ಕಡಲೆಕಾಯಿ ಎಣ್ಣೆ, ಹೊಂಗೆ ಎಣ್ಣೆಯ ಕಥೆಯೂ ಅಷ್ಟೇ. ಒಗ್ಗರಣೆಯ ಹೊಗೆ, ಹಿಟ್ಟಿನ ಧೂಳು ಎಲ್ಲ ಅಂಟಿಸಿಕೊಂಡು ಜಿಡ್ಡುಗಟ್ಟಿ, ಕೊನೆಗೆ ಕಮಟು ವಾಸನೆ ಹೊಡೆಯುತ್ತದೆ.

ನಿಮಗೆ ಬೇಕಾದದ್ದು ಅಗಸೆ ಎಣ್ಣೆ. ಅಂಗಡಿಯಲ್ಲಿ ಲಿನ್‌ಸೀಡ್ ಆಯಿಲ್ ಅಂತ ಕೇಳಿ. ಇದು ನೀರಿನಂತೆ ಆರಿಹೋಗುವುದಿಲ್ಲ, ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ತಾನೇ ಗಟ್ಟಿಯಾಗುತ್ತದೆ. ಹಸಿ ಎಣ್ಣೆ ಗಟ್ಟಿಯಾಗಲು ವಾರಗಟ್ಟಲೆ ಬೇಕು. ‘ಡಬಲ್ ಬಾಯಿಲ್ಡ್’ ಎಂದು ಮಾರುವುದು ಒಂದೆರಡು ದಿನದಲ್ಲಿ ಒಣಗುತ್ತದೆ, ಏಕೆಂದರೆ ಅದಕ್ಕೆ ಲೋಹದ ಲವಣ ಬೆರೆಸಿರುತ್ತಾರೆ. ಆ ಕಾರಣಕ್ಕೇ ಡಬ್ಬ ಮಗುವಿನ ಕೈಗೆ ಎಟುಕಬಾರದು, ಹಚ್ಚುವಾಗ ಕೈಗವಸು ಇರಲಿ. ಅಂಗಡಿಯಲ್ಲಿ ಅಗಸೆ ಬೀಜದ ಅಡುಗೆ ಎಣ್ಣೆ ಕೊಟ್ಟರೆ ಅದು ಹಸಿ ಎಣ್ಣೆಯೇ, ವಿಷವಲ್ಲ. ಆದರೆ ತಾಳ್ಮೆ ಬೇಕು.

ಮೊದಲು ಬಾಗಿಲುಗಳನ್ನು ಬಿಚ್ಚಿ ಜಗಲಿಗೆ ತನ್ನಿ, ನೆರಳಿನಲ್ಲಿ ಕೆಲಸ ಮಾಡಿ. ಮರದ ಎಳೆಯ ದಿಕ್ಕಿಗೇ 180, ಆಮೇಲೆ 220 ನಂಬರಿನ ಸ್ಯಾಂಡ್ ಪೇಪರ್ ಉಜ್ಜಿ. ಮೂಗಿಗೆ ಮಾಸ್ಕ್ ಇರಲಿ. ಮೊದಲ ಕೋಟಿಗೆ ಎಣ್ಣೆ ಅರ್ಧ, ಅದನ್ನು ತೆಳುವಾಗಿಸುವ ಟರ್ಪೆಂಟೈನ್ ಅರ್ಧ. ಇದನ್ನು ಹಚ್ಚುವಾಗ ಹತ್ತಿರ ಒಲೆ, ದೇವರ ದೀಪ, ಬೀಡಿ ಯಾವುದೂ ಬೇಡ. ಹದಿನೈದು ಇಪ್ಪತ್ತು ನಿಮಿಷ ಕುಡಿಯಲು ಬಿಟ್ಟು, ಮರ ಕುಡಿಯದೆ ಉಳಿದದ್ದನ್ನು ಪೂರ್ತಿ ಒರೆಸಿ. ಬೆರಳು ಎಳೆದರೆ ಗೆರೆ ಮೂಡಬಾರದು, ಅಷ್ಟು. ಮೂರು ತೆಳ್ಳನೆ ಕೋಟು, ಒಂದೊಂದು ಒಣಗಿದ ಮೇಲೆ ಮುಂದಿನದು. ಕಪಾಟಿನ ಒಳಮೈಗೆ ಎಣ್ಣೆ ಹಚ್ಚಬೇಡಿ; ಮುಚ್ಚಿದ ಜಾಗದಲ್ಲಿ ಗಾಳಿಯಾಡದೆ ವಾಸನೆ ತಿಂಗಳುಗಟ್ಟಲೆ ನಿಲ್ಲುತ್ತದೆ, ಅಕ್ಕಿಬೇಳೆಗೂ ಹತ್ತುತ್ತದೆ. ಒಳಗೆ ಅರಗಿನ ಪಾಲಿಶ್ ಸಾಕು, ಅದೂ ಸ್ಪಿರಿಟ್ಟಿನದು, ಬೆಂಕಿಯಿಂದ ದೂರ. ಇನ್ನೊಂದು: ಹಲಸು ಈಗ ಹಳದಿಯಾಗಿದೆ, ಬರಬರುತ್ತಾ ತಾನಾಗೇ ಕಂದಾಗುತ್ತದೆ. ಎಣ್ಣೆ ಆ ಬಣ್ಣವನ್ನು ಇನ್ನಷ್ಟು ಗಾಢವಾಗಿಸುತ್ತದೆ. ತುಂಡು ಹಲಗೆಯ ಮೇಲೆ ಮೊದಲು ನೋಡಿಕೊಳ್ಳಿ.

ಈಗ ಅಪಾಯದ ಮಾತು. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಹಲಗೆಯ ಮೇಲೆ ಅದು ಗಾಳಿಗೆ ಹೋಗಿಬಿಡುತ್ತದೆ. ಅದೇ ಎಣ್ಣೆ ಒರೆಸಿದ ಹಳೇ ಬನಿಯನ್ನನ್ನು ಮುದುಡಿ ಮೂಲೆಗೆ ಎಸೆದರೆ, ಮಡಿಕೆಯೊಳಗಿನ ಶಾಖ ಹೊರಬರಲಾಗದೆ ಏರುತ್ತಾ ಹೋಗುತ್ತದೆ. ಬೆಳಗಿನ ಚಳಿಯಲ್ಲಿ ತಿಪ್ಪೆ ಕೆದಕಿದರೆ ಹಬೆಯಾಡುವುದಿಲ್ಲವೇ? ಅಲ್ಲಿನ ಕಾರಣ ಬೇರೆ, ಆದರೆ ಒಳಗೆ ಕೂಡಿಟ್ಟ ಶಾಖದ ಆಟ ಒಂದೇ. ಬಟ್ಟೆಯಲ್ಲಿ ಅದು ಕೆಲವೇ ಗಂಟೆಗಳಲ್ಲಿ ಬೆಂಕಿಯಾಗಬಹುದು, ಕಡ್ಡಿ ಗೀರುವ ಅಗತ್ಯವೇ ಇಲ್ಲ. ನಾನು ಕೆಲಸ ಕಲಿಯುತ್ತಿದ್ದಾಗ ಶೆಡ್ಡಿನ ಪ್ಲಾಸ್ಟಿಕ್ ಬಕೆಟ್ಟಿಗೆ ಅಂಥ ನಾಲ್ಕು ಬಟ್ಟೆ ತುರುಕಿ ಊಟಕ್ಕೆ ಹೋಗಿದ್ದೆ. ವಾಪಸ್ ಬಂದಾಗ ಕಟುವಾದ ವಾಸನೆ, ಬಕೆಟ್ಟಿನ ತಳ ಮೆತ್ತಗಾಗಿತ್ತು, ಕೈ ಇಡಲಾಗದಷ್ಟು ಬಿಸಿ. ಪಕ್ಕದಲ್ಲಿ ಮರದ ಹೊಟ್ಟಿನ ಮೂಟೆ ಇತ್ತು.

ಆದ್ದರಿಂದ ಒರೆಸಿದ ಬಟ್ಟೆಯನ್ನು ತಕ್ಷಣ ಹೊರಗೆ, ನೆರಳಿನಲ್ಲಿ ಒಂದೊಂದಾಗಿ ಬಿಡಿಸಿ ಹರಡಿ, ಒಂದರ ಮೇಲೊಂದು ಬೀಳಬಾರದು. ತಂತಿಗೆ ಹಾಕಿದರೂ ಸರಿ, ತೆಂಗಿನ ನಾರಿನ ರಾಶಿಯ ಹತ್ತಿರ ಮಾತ್ರ ಬೇಡ. ಒಣಗಿ ಗಡುಸಾಗುವವರೆಗೆ ಕಸದ ಬುಟ್ಟಿಗೆ ಹಾಕಬೇಡಿ. ಹರಡಲು ಜಾಗವಿಲ್ಲದಿದ್ದರೆ ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ನೀರು ತುಂಬಿ ಪೂರ್ತಿ ಮುಳುಗಿಸಿಡಿ. ವಾಷಿಂಗ್ ಮೆಷೀನಿಗಂತೂ ಖಂಡಿತ ಬೇಡ.

ಕಪಾಟಿಗೆ ಹಳೇ ಮನೆಯ ಬಣ್ಣ ಬಳಿದ ಬಾಗಿಲು ಏನಾದರೂ ಸೇರಿಸಿದ್ದರೆ ಅದನ್ನು ಒಣ ಪೇಪರ್‌ನಿಂದ ಉಜ್ಜಬೇಡಿ. ನಮ್ಮಲ್ಲಿ ಮನೆಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಿಂದ. ಹಳೇ ಬಣ್ಣದ ಧೂಳು ಮಗುವಿಗೆ ಕೆಟ್ಟದ್ದು.

ಪ್ರಶ್ನೆ: ಎಣ್ಣೆ ಹಚ್ಚಿ ವಾರವಾಯಿತು, ಬಾಗಿಲು ಇನ್ನೂ ಅಂಟಂಟು. ಏನು ಮಾಡಲಿ?
— ಚಿಂತಾಮಣಿಯಿಂದ

ಉತ್ತರ: ದಪ್ಪಗೆ ಹಚ್ಚಿ ಒರೆಸದೆ ಬಿಟ್ಟಿದ್ದೀರಿ. ಮಳೆಗಾಲದ ತೇವವಿದ್ದರೆ ಇನ್ನೂ ನಿಧಾನ. ಟರ್ಪೆಂಟೈನ್ ಅದ್ದಿದ ಒರಟು ಬಟ್ಟೆಯಿಂದ ಅಂಟು ಹೋಗುವವರೆಗೆ ತಿಕ್ಕಿ, ಒಣಬಟ್ಟೆಯಿಂದ ಒರೆಸಿ, ಕಿಟಕಿ ತೆಗೆದಿಟ್ಟು ಕಾಯಿರಿ. ಮೇಲೆ ಇನ್ನೊಂದು ಕೋಟು ಹೊಡೆದರೆ ಸರಿಹೋಗುತ್ತದೆಂದು ಯಾರಾದರೂ ಹೇಳಿದರೆ ಕೇಳಬೇಡಿ. ತಿಕ್ಕಿದ ಬಟ್ಟೆಗಳಿಗೆ ಗುಬ್ಬಿಯವರಿಗೆ ಹೇಳಿದ ನೀರಿನ ಡಬ್ಬವೇ ಗತಿ.