ಅಳದವನಿಗೆ ದುಃಖವಿಲ್ಲವೆಂದು ಹೇಳಿದವರು ಯಾರು?

ದಾವಣಗೆರೆಯಲ್ಲಿ ಮನೋವೈದ್ಯನಾಗಿರುವ ನನಗೆ ಬರುವ ಪತ್ರಗಳಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಸುಳ್ಳು ನಂಬಿಕೆಗಳು ಬೇರೂರುವ ತೀವ್ರ ಮಾನಸಿಕ ಕಾಯಿಲೆ) ಇರುವವರಿಗೆ ಪ್ರೀತಿ, ದುಃಖ ಇರುವುದಿಲ್ಲವೇ ಎಂಬ ಒಂದೇ ಪ್ರಶ್ನೆ ಊರಿನ ಹೆಸರಷ್ಟೇ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದೆ. ಆ ಪ್ರಶ್ನೆಯ ಹಿಂದಿರುವ ತೀರ್ಪು ನನಗೆ ಸಿಟ್ಟು ತರಿಸುತ್ತದೆಯಾದ್ದರಿಂದ ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ. ಈ ಕಾಯಿಲೆ ಎಂದರೇನು, ಏಕೆ ಬರುತ್ತದೆ ಎಂಬುದನ್ನು ನಿಮ್ಮ ವೈದ್ಯರು ಹೇಳಿಯೇ ಇರುತ್ತಾರೆ.

ಪ್ರಶ್ನೆ: ನನ್ನ ತಮ್ಮನಿಗೆ ಆರು ವರ್ಷಗಳಿಂದ ಸ್ಕಿಜೋಫ್ರೇನಿಯಾ ಇದೆ. ಮಾತ್ರೆ ತಪ್ಪಿಸಿಲ್ಲ. ಮೊನ್ನೆ ಅಪ್ಪ ತೀರಿಕೊಂಡಾಗ ಅವನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಮಣ್ಣು ಮಾಡುವಾಗಲೂ ಗೋಡೆಯಂತೆ ನಿಂತಿದ್ದ. ನೆಂಟರು ‘ಕಲ್ಲು ಮನಸ್ಸು’ ಎನ್ನುತ್ತಾರೆ. ಆದರೆ ನಾನು ಸುಮ್ಮನೆ ಅವನ ಕಡೆ ನೋಡಿದರೂ ‘ಯಾಕಕ್ಕಾ ಸಿಟ್ಟು?’ ಎಂದು ಕೇಳುತ್ತಾನೆ. ಅವನಲ್ಲಿ ಪ್ರೀತಿಯೇ ಉಳಿದಿಲ್ಲವೇ? (ಚನ್ನಗಿರಿ ತಾಲ್ಲೂಕಿನ ಓದುಗರು)

ಉತ್ತರ: ಉಳಿದಿದೆ ಎಂದೇ ತಿಳಿಯಿರಿ. ಅಳದಿರುವುದು ಬೇರೆ, ದುಃಖವಾಗದಿರುವುದು ಬೇರೆ. ಒಳಗೆ ಹುಟ್ಟಿದ ಭಾವನೆ ಮುಖಕ್ಕೆ, ದನಿಯ ಏರಿಳಿತಕ್ಕೆ, ಕೈಸನ್ನೆಗೆ ಇಳಿದು ಬರುವ ದಾರಿ ಸ್ಕಿಜೋಫ್ರೇನಿಯಾದಲ್ಲಿ ಕಿರಿದಾಗುತ್ತದೆ. ಅಮೆರಿಕದ ಮನೋವಿಜ್ಞಾನಿ ಆನ್ ಕ್ರಿಂಗ್ ಮತ್ತು ಸಂಗಡಿಗರು 1990ರ ದಶಕದಲ್ಲಿ, ಈ ಕಾಯಿಲೆ ಇರುವವರಿಗೂ ಇಲ್ಲದವರಿಗೂ ಭಾವನೆ ಕೆರಳಿಸುವ ಚಲನಚಿತ್ರದ ತುಣುಕುಗಳನ್ನು ತೋರಿಸಿ ಅವರ ಮುಖಭಾವವನ್ನು ದಾಖಲಿಸಿದರು. ಕಾಯಿಲೆ ಇದ್ದವರ ಮುಖದಲ್ಲಿ ಬದಲಾವಣೆ ಕಡಿಮೆ ಕಂಡಿತು. ಆದರೆ ಏನನ್ನಿಸಿತೆಂದು ಕೇಳಿದಾಗ ಅವರು ಹೇಳಿಕೊಂಡ ಭಾವನೆ ಉಳಿದವರಷ್ಟೇ ತೀವ್ರವಾಗಿತ್ತು, ಭಾವನೆ ಉಕ್ಕಿದಾಗ ಅಂಗೈಯಲ್ಲಿ ಸೂಕ್ಷ್ಮವಾಗಿ ಹೆಚ್ಚುವ ಬೆವರಿನ ಅಳತೆಯೂ ಕಡಿಮೆಯಿರಲಿಲ್ಲ. ನಿಮ್ಮ ತಮ್ಮ ಗೋಡೆಯಂತೆ ನಿಂತಿದ್ದಾಗ ಅವನೊಳಗೆ ಏನು ನಡೆದಿತ್ತೆಂದು ಅಲ್ಲಿದ್ದ ಯಾವ ನೆಂಟರೂ ಕೇಳಲಿಲ್ಲ. ಕೇಳಬೇಕು, ಕೇಳಿದ ಮೇಲೆ ಉತ್ತರಕ್ಕಾಗಿ ಕಾಯಬೇಕು. ನನ್ನ ಬಳಿ ಚಿಕಿತ್ಸೆಯಲ್ಲಿದ್ದ ಯುವಕನೊಬ್ಬ, ಅಜ್ಜಿ ಸತ್ತು ಮೂರು ತಿಂಗಳಾದ ಮೇಲೆ, ಮುಖದಲ್ಲಿ ಒಂದು ಗೆರೆಯೂ ಅಲುಗದೆ, ‘ಅಜ್ಜಿ ರೊಟ್ಟಿ ಬಡಿಯೋ ಸದ್ದಿಲ್ಲದೆ ಬೆಳಿಗ್ಗೆ ಎಚ್ಚರಾನೇ ಆಗಲ್ಲ’ ಎಂದಿದ್ದ. ಅವನನ್ನೂ ಮನೆಯವರು ಕಲ್ಲು ಎಂದೇ ಕರೆಯುತ್ತಿದ್ದರು.

ಮುಖ ಬಿಗಿಯಾಗಿರುವುದಕ್ಕೆ ಯಾವಾಗಲೂ ಕಾಯಿಲೆಯೇ ಕಾರಣವೂ ಅಲ್ಲ. ಹ್ಯಾಲೊಪೆರಿಡಾಲ್‌ನಂಥ ಹಳೆಯ ಔಷಧಗಳು ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ ಬಿಗಿತ ತರಬಲ್ಲವು. ನಡೆಯುವಾಗ ಕೈ ಬೀಸದಿರುವುದು, ಬೆರಳು ನಡುಗುವುದು, ಜೊಲ್ಲು ಸುರಿಯುವುದು ಕಂಡರೆ ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ತಿಳಿಸಿ. ಅವರು ಪ್ರಮಾಣ ತಗ್ಗಿಸಬಹುದು, ಔಷಧವನ್ನೇ ಬದಲಿಸಬಹುದು. ನೀವಾಗಿಯೇ ನಿಲ್ಲಿಸಬೇಡಿ. ಈ ವಿಷಯದಲ್ಲಿ ನಾನು ಅತಿ ಎಚ್ಚರಿಕೆಯವನೆಂದು ಕೆಲವರು ಹೇಳುತ್ತಾರೆ; ಮಾತ್ರೆ ಬಿಟ್ಟು ಮತ್ತೆ ಆಸ್ಪತ್ರೆ ಸೇರಿದವರನ್ನು ಬಹಳ ಕಂಡಿದ್ದೇನೆ.

ಇನ್ನು ‘ಯಾಕಕ್ಕಾ ಸಿಟ್ಟು’ ಎಂಬ ಮಾತು. ಅದು ಜಗಳಕ್ಕೆ ಕರೆಯುವ ಮಾತಲ್ಲ. ಈ ಕಾಯಿಲೆಯಲ್ಲಿ ಇನ್ನೊಬ್ಬರ ಮುಖ ಓದುವುದೂ ಕಷ್ಟವಾಗುತ್ತದೆ: ಭಯ, ಸಿಟ್ಟು, ದುಃಖಗಳು ಒಂದಕ್ಕೊಂದು ಕಲಸಿಹೋಗುತ್ತವೆ, ಯಾವ ಭಾವವೂ ಇಲ್ಲದ ಮುಖ ಬೆದರಿಸುವಂತೆ ಕಾಣುತ್ತದೆ. ಅಪಾಯದ ಸುಳಿವು ಹಿಡಿಯುವ ಅಮಿಗ್ಡಲಾ ಎಂಬ ಮೆದುಳಿನ ಭಾಗ, ಇಂಥ ಸಪ್ಪೆ ಮುಖವನ್ನು ಕಂಡಾಗಲೂ ಅಗತ್ಯಕ್ಕಿಂತ ಹೆಚ್ಚು ಎಚ್ಚೆತ್ತುಕೊಳ್ಳುವುದು ಸ್ಕ್ಯಾನಿಂಗ್ ಅಧ್ಯಯನಗಳಲ್ಲಿ ಕಂಡಿದೆ. ಆದ್ದರಿಂದ ನಿಮ್ಮ ಮನಸ್ಸಿನಲ್ಲಿರುವುದನ್ನು ಅವನು ಮುಖ ನೋಡಿ ಊಹಿಸಲಿ ಎಂದು ಬಿಡದೆ ಬಾಯಿಬಿಟ್ಟು ಹೇಳಿ: ‘ಸಿಟ್ಟಿಲ್ಲ ಕಣೋ, ದಣಿವಾಗಿದೆ ಅಷ್ಟೇ.’

ನೆಂಟರ ಮಾತು ಅವನ ಕಿವಿಗೆ ಬೀಳದಂತೆ ನೋಡಿಕೊಳ್ಳಿ ಎಂದು ನಾನು ಹೇಳುವುದಕ್ಕೆ ಗಟ್ಟಿ ಕಾರಣವಿದೆ. ಲಂಡನ್ನಿನಲ್ಲಿ ಸಮಾಜವಿಜ್ಞಾನಿ ಜಾರ್ಜ್ ಬ್ರೌನ್ ಆರಂಭಿಸಿದ ಅಧ್ಯಯನಗಳಿಂದ ಹಿಡಿದು ಇಂದಿನವರೆಗೆ ಕಂಡುಬಂದಿರುವುದು ಇದು: ಸದಾ ಟೀಕೆ, ಹಗೆತನ ಅಥವಾ ಉಸಿರುಗಟ್ಟಿಸುವಷ್ಟು ಕಾಳಜಿ ಇರುವ ಮನೆಗೆ ಆಸ್ಪತ್ರೆಯಿಂದ ಮರಳಿದವರಲ್ಲಿ ಕಾಯಿಲೆ ಹೆಚ್ಚಾಗಿ ಮರುಕಳಿಸುತ್ತದೆ. 1980ರ ದಶಕದಲ್ಲಿ ಚಂಡೀಗಢದಲ್ಲಿ ಇದೇ ಬಗೆಯ ಅಧ್ಯಯನ ನಡೆದಾಗ ಅಂಥ ಮನೆಗಳು ಲಂಡನ್ನಿಗಿಂತ ಕಡಿಮೆ ಕಂಡವು. ನಮ್ಮ ತುಂಬು ಕುಟುಂಬಗಳಿಗಿದ್ದ ಆ ತಾಳ್ಮೆಯನ್ನು ಸಾವಿನ ಮನೆಯಲ್ಲಿ ನಿಂತು ತೀರ್ಪು ಕೊಡುವವರಿಗಾಗಿ ಕಳೆದುಕೊಳ್ಳಬೇಡಿ. ಮನೆಯವರಿಂದಲೇ ಕಾಯಿಲೆ ಬರುತ್ತದೆಂದು ಇದರ ಅರ್ಥವಲ್ಲ. ಹಾಗೆ ಹೇಳುವವರನ್ನೂ ನಂಬಬೇಡಿ.

ಪ್ರಶ್ನೆ: ಹೆಂಡತಿಗೆ ಬೈಪೋಲಾರ್ (ಅತಿ ಹುರುಪಿನ ಉನ್ಮಾದ, ಖಿನ್ನತೆ ಬಂದುಹೋಗುವ ಕಾಯಿಲೆ) ಇದೆ. ಉನ್ಮಾದದ ದಿನಗಳಲ್ಲಿ ಮಕ್ಕಳು ಅತ್ತರೂ ಆಕೆಗೆ ನಾಟುತ್ತಿರಲಿಲ್ಲ. ಲಿಥಿಯಂ ಮಾತ್ರೆಯಿಂದ ಈಗ ಚೆನ್ನಾಗಿದ್ದಾಳೆ, ನಿಲ್ಲಿಸಬಹುದೇ? (ಹರಿಹರ)

ಉತ್ತರ: ಚೆನ್ನಾಗಿರುವುದು ಲಿಥಿಯಂನಿಂದ ಎಂದು ನೀವೇ ಬರೆದಿದ್ದೀರಿ. ಉನ್ಮಾದದಲ್ಲಿ ತನ್ನ ಹುರುಪೇ ತುಂಬಿಕೊಂಡು ಎದುರಿನವರ ದುಃಖ, ಭಯ ಸರಿಯಾಗಿ ತಲುಪುವುದಿಲ್ಲ. ಸುಧಾರಿಸಿದ ಮೇಲೂ ಕೆಲವರಲ್ಲಿ ಈ ತೊಡಕು ತುಸು ಉಳಿಯುತ್ತದೆ, ಆದರೆ ಸ್ಕಿಜೋಫ್ರೇನಿಯಾದಷ್ಟಲ್ಲ. ಲಿಥಿಯಂ ಥಟ್ಟನೆ ಬಿಟ್ಟರೆ ಉನ್ಮಾದ ಮರಳುವ ಅಪಾಯ ದೊಡ್ಡದು. ನಮ್ಮ ಕಡೆಯ ಬೇಸಿಗೆಯಲ್ಲಿ ನೀರು, ಉಪ್ಪು ಕಡಿಮೆಯಾಗದಂತೆ ನೋಡಿಕೊಳ್ಳಿ. ವಾಂತಿ ಭೇದಿಯಾದರೆ ಕೂಡಲೇ ವೈದ್ಯರಿಗೆ ತಿಳಿಸಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ಕೇಳದೆ ಕೊಡಬೇಡಿ. ಇವೆಲ್ಲ ರಕ್ತದಲ್ಲಿ ಲಿಥಿಯಂ ಮಟ್ಟವನ್ನು ವಿಷದ ಹಂತಕ್ಕೆ ಏರಿಸಬಲ್ಲವು.

ಪ್ರಶ್ನೆ: ಇಂಥ ಕಾಯಿಲೆಯ ಮಗನಿಗೆ ಮದುವೆ ಮಾಡಿದರೆ ಮುಖದಲ್ಲಿ ಕಳೆ ಬರುತ್ತದೆಯೇ? (ಹೊಳಲ್ಕೆರೆ)

ಉತ್ತರ: ಇಲ್ಲ. ಕಾಯಿಲೆ ಮುಚ್ಚಿಟ್ಟು ಇನ್ನೊಂದು ಮನೆಯ ಹೆಣ್ಣುಮಗಳನ್ನು ಔಷಧದಂತೆ ತರುವುದು ಅನ್ಯಾಯ.

ಪ್ರಶ್ನೆ: ಮನೆಯಲ್ಲಿ ಕಾಯಿಲೆ ಇರುವವರಿಗೆ ಗಾಳಿ ಸೋಕಿದೆಯೆಂದು ಒಬ್ಬರು ಬೆತ್ತದಿಂದ ಹೊಡೆದು ಬಿಡಿಸುತ್ತಾರಂತೆ, ಅಲ್ಲಿಯವರೆಗೆ ಸರಪಳಿ ಹಾಕಿಡಲು ಹೇಳಿದ್ದಾರೆ. (ಜಗಳೂರು)

ಉತ್ತರ: ಈಗಲೇ ಬಿಚ್ಚಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಯಾವ ರೀತಿಯಲ್ಲೂ ಸರಪಳಿ ಹಾಕುವುದನ್ನು ನಿಷೇಧಿಸಿದೆ. ದೇವರಿಗೆ ಹರಕೆ ಹೊರುವುದಕ್ಕೆ ನನ್ನ ಅಡ್ಡಿಯಿಲ್ಲ. ಬೆತ್ತ ಹಿಡಿದವನು ದೇವರ ಹೆಸರಿನಲ್ಲಿ ಹಿಂಸೆ ಮಾಡುವವನು, ಅವನ ಬಳಿಗೆ ಹೋಗಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಬನ್ನಿ. ಇಂದೇ ಹೊರಡಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.