ನೀವೂ ಟ್ರಂಕು ಹಿಡಿದು ಇಳಿದವರೇ

ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದ ನಿಗಡಿಯಿಂದ ಹಿರಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ನಾನು 1974ರಲ್ಲಿ ಬಿಜಾಪುರ ಜಿಲ್ಲೆಯಿಂದ ಇಲ್ಲಿಗೆ ಬಂದೆ. ಐಟಿಐ ಮುಗಿಸಿದ ಫಿಟ್ಟರ್. ಒಂದೇ ಕಾರ್ಖಾನೆಯಲ್ಲಿ 34 ವರ್ಷ ದುಡಿದು ನಿವೃತ್ತನಾದೆ. ಆಗ ಊರು ಚೆಂದ ಇತ್ತು, ಎಲ್ಲರಿಗೂ ಎಲ್ಲರ ಗುರುತು ಇತ್ತು. ಈಗ ಎಲ್ಲಿ ನೋಡಿದರೂ ಹೊರಗಿನವರು. ಉತ್ತರದಿಂದ ಬಂದ ಕೂಲಿಗಳು, ಐಟಿ ಹುಡುಗರು. ನಮ್ಮ ಸೊಸೈಟಿಯ ವಾಚ್‌ಮನ್ ಕೂಡ ಯಾದಗಿರಿ ಕಡೆಯ ಹುಡುಗ. ಹೊರಗಿನವರಿಂದ ಊರು ಕೆಟ್ಟಿತು. ನಿಮ್ಮ ಪತ್ರಿಕೆ ಗುಳೆ ಹೋಗುವವರ ಬಗ್ಗೆ ಜಾಸ್ತಿ ಮರುಗುತ್ತದೆ. ಊರಿನ ಹಳಬರ ನೋವನ್ನೂ ಒಮ್ಮೆ ಬರೆಯಿರಿ."

ಸಂಪಾದಕರ ಉತ್ತರ

ಹಿರಿಯರೇ, ನಿಮ್ಮ ಪತ್ರ ಎರಡು ಸಲ ಓದಿದೆ. ಅಕ್ಷರ ದುಂಡಗಿದೆ, ಕನ್ನಡ ಶುದ್ಧವಾಗಿದೆ. ಐವತ್ತು ವರ್ಷ ಪರನಾಡಿನಲ್ಲಿದ್ದು ಇಷ್ಟು ಚೆಂದ ಕನ್ನಡ ಬರೆಯುವವರು ಸಿಕ್ಕರೆ ನನಗೆ ಆ ದಿನವೆಲ್ಲ ಖುಷಿ. ಆದರೆ "ಹೊರಗಿನವರು" ಅನ್ನುವ ಮಾತು ಒಂಬತ್ತು ಸಲ ಬಂದಿದೆ. ಎಣಿಸಿದೆ. ಅದೊಂದನ್ನು ಸುಮ್ನೆ ಬಿಡಲು ನನ್ನಿಂದ ಆಗುವುದಿಲ್ಲ.

ಮೊದಲು ನೀವು ಹೇಳಿದ್ದರಲ್ಲಿ ಸರಿ ಇರುವುದನ್ನು ಒಪ್ಪುತ್ತೇನೆ. ನೀರಿನ ತೊಂದರೆ ನಿಜ. ಟ್ರಾಫಿಕ್ಕು ನಿಜ. ಪವನಾ ನದಿಯ ಗತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಊರು ಬೆಳೆದದ್ದರಿಂದ ನಿಜವಾಗಿ ಕಳೆದುಕೊಂಡವರೂ ಇದ್ದಾರೆ. ಆದರೆ ಅವರು ನೀವಲ್ಲ. ಪಿಂಪ್ರಿ, ಚಿಂಚವಾಡ, ಆಕುರ್ಡಿ, ಭೋಸರಿಯಲ್ಲಿ ಉಳುಮೆ ಮಾಡಿಕೊಂಡಿದ್ದ ರೈತರು. ಮೊದಲು ಕಾರ್ಖಾನೆಗೆ ಅಂತ ಹೊಲ ಹೋಯಿತು. ಆಮೇಲೆ 1972ರಲ್ಲಿ ಹೊಸ ನಗರ ಪ್ರಾಧಿಕಾರ ಹುಟ್ಟಿ, ಬಡಾವಣೆಗೆ ಅಂತ ಇನ್ನಷ್ಟು ಹೋಯಿತು. ಗುಂಠೆ ಲೆಕ್ಕದಲ್ಲಿ ಮಾರಿ ಸಿರಿವಂತರಾದ ಕೆಲವರನ್ನು ಅಲ್ಲಿ 'ಗುಂಠಾಮಂತ್ರಿ' ಅಂತ ಕರೆಯುತ್ತಾರಲ್ಲ, ಅವರ ಚಿನ್ನದ ಸರ ಎಲ್ಲರಿಗೂ ಕಾಣುತ್ತದೆ. ಹೊಲ ಕೊಟ್ಟು ಪರಿಹಾರಕ್ಕೆ ಕಾಯುತ್ತಲೇ ಮುದುಕರಾದವರು ಯಾರಿಗೂ ಕಾಣುವುದಿಲ್ಲ. 2011ರ ಆಗಸ್ಟ್‌ನಲ್ಲಿ ಪವನಾ ಅಣೆಕಟ್ಟಿನಿಂದ ನಿಮ್ಮ ಊರಿಗೆ ಕೊಳವೆ ಹಾಕುವುದನ್ನು ವಿರೋಧಿಸಿ ಮಾವಳದ ರೈತರು ಎಕ್ಸ್‌ಪ್ರೆಸ್ ಹೈವೇ ಮೇಲೆ ಕೂತರು. ಪೊಲೀಸರ ಗುಂಡಿಗೆ ಮೂವರು ಸತ್ತರು. ಹಳಬರ ನೋವು ಅಂದರೆ ಅದು. ಅದನ್ನು ಬರೆಯಬೇಕು, ಬರೆಯುತ್ತೇವೆ.

ಈಗ ನಿಮ್ಮ ಮಾತಿಗೆ ಬರೋಣ.

ಚಿಂಚವಾಡಕ್ಕೆ ಹೆಸರು ತಂದವರು ಯಾರು? ಗಣಪತಿ ಭಕ್ತರಾದ ಸಂತ ಮೋರಯಾ ಗೋಸಾವಿ. ಗಣಪತಿಗೆ ಜೈಕಾರ ಹಾಕುವಾಗ ಇಡೀ ದೇಶ ಕೂಗುತ್ತದಲ್ಲ, 'ಮೋರಯಾ' ಅಂತ, ಅದು ಇವರ ಹೆಸರೇ ಎನ್ನುತ್ತಾರೆ. ಪವನಾ ದಂಡೆಯಲ್ಲಿ ಅವರ ಸಮಾಧಿ ಇದೆ. ನೀವು ಎಷ್ಟು ಸಲ ಕೈ ಮುಗಿದಿದ್ದೀರೋ. ಅವರು ಚಿಂಚವಾಡದವರಲ್ಲ. ಮೋರಗಾವದಿಂದ ಬಂದು ನೆಲೆಸಿದವರು. ಒಂದು ಐತಿಹ್ಯದ ಪ್ರಕಾರ ಅವರ ಮೂಲ ನಮ್ಮ ಬೀದರ್ ಸೀಮೆ. ಅಂದರೆ ಆ ಊರಿನ ಅತಿ ಹಳೆಯ ಹೆಸರೇ ಬೇರೆ ಕಡೆಯಿಂದ ನಡೆದು ಬಂದದ್ದು.

ನಂತರ ಮುನ್ನೂರು ವರ್ಷ ಅದು ಪುಣೆಯ ಮಗ್ಗುಲಿನ ಒಂದು ಸಣ್ಣ ಊರು. 1858ರಲ್ಲಿ ರೈಲು ಬಂತು. 1897ರಲ್ಲಿ ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್ ಸಾಹೇಬನಿಗೆ ಗುಂಡು ಹೊಡೆದ ಚಾಪೇಕರ್ ಸಹೋದರರು ಅಲ್ಲಿಯವರು ಅಂತ ಜನ ಹೇಳಿಕೊಂಡರು. ದೇಶ ಇಬ್ಭಾಗವಾದಾಗ ಮನೆ ಮಠ ಬಿಟ್ಟು ಬಂದ ಸಿಂಧಿ ಜನ ಪಿಂಪ್ರಿಯ ಕ್ಯಾಂಪಿನಲ್ಲಿ ಇಳಿದರು. ಇವತ್ತಿಗೂ ಅಲ್ಲಿನ ಬಜಾರಿಗೆ 'ಪಿಂಪ್ರಿ ಕ್ಯಾಂಪ್' ಅಂತಲೇ ಹೆಸರು, ಅಲ್ವಾ? ನೀವು ಮದುವೆ ಸೀರೆ ತಂದದ್ದು ಅಲ್ಲಿಂದಲೇ ಇರಬೇಕು.

ಇಷ್ಟಾದ ಮೇಲೆ ಬಂದದ್ದು ಪೆನಿಸಿಲಿನ್. 1954ರಲ್ಲಿ ಸರಕಾರ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಕಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ನೆರವು ಕೊಟ್ಟವು. ಮರುವರ್ಷವೇ ಔಷಧ ಹೊರಬಿತ್ತು. ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಗೊತ್ತಿರದ ಒಂದು ಸಂಗತಿ ಇಲ್ಲಿದೆ. ಆ ಕಾರ್ಖಾನೆಯ ಸಂಶೋಧನೆ ವಿಭಾಗದ ಮುಖ್ಯಸ್ಥರಾಗಿದ್ದವರು ಎಂ. ಜೆ. ತಿರುಮಲಾಚಾರ್. ಮೈಸೂರು ಸೀಮೆಯವರು. ಬೂಷ್ಟಿನ ಸೋಂಕಿಗೆ ಮದ್ದಾದ ಹ್ಯಾಮೈಸಿನ್ ಅವರ ಕಾಲದಲ್ಲಿ ಅಲ್ಲಿ ಸಿಕ್ಕಿತು. ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್‌ನ ಮೊದಲ ಅಕ್ಷರಗಳನ್ನೇ ಆ ಮದ್ದಿನ ಹೆಸರಿಗೆ ಇಟ್ಟರು. ಅವರನ್ನು ಹೊರಗಿನವರು ಅನ್ನೋಣವಾ?

1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ನಿಗಮ ಶುರುವಾಯಿತು. ಮುಂಬೈಯಲ್ಲಿ ಜಾಗ ಇರಲಿಲ್ಲ. ಇಲ್ಲಿ ರೈಲಿತ್ತು, ಹೆದ್ದಾರಿ ಇತ್ತು, ಪವನಾ ನೀರಿತ್ತು, ನೆಲ ಅಗ್ಗವಿತ್ತು. ಆಕುರ್ಡಿಯಲ್ಲಿ ಬಜಾಜ್ ಸ್ಕೂಟರ್, ಪಿಂಪ್ರಿಯಲ್ಲಿ ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್), ಚಿಂಚವಾಡದಲ್ಲಿ ಬೇರಿಂಗ್ ಮಾಡುವ ಎಸ್‌ಕೆಎಫ್, ಭೋಸರಿಯಲ್ಲಿ ನೈಲಾನ್ ನೂಲಿನ ಸೆಂಚುರಿ ಎಂಕಾ. ಇವುಗಳ ಬೆನ್ನಿಗೆ ಬೋಲ್ಟು, ನಟ್ಟು, ಎರಕ, ಪ್ರೆಸ್ ಕೆಲಸದ ಸಾವಿರಾರು ಸಣ್ಣ ಶೆಡ್ಡುಗಳು. 1970ರಲ್ಲಿ ನಗರಸಭೆ, 1982ರಲ್ಲಿ ಮಹಾನಗರಪಾಲಿಕೆ. ಕಾರ್ಖಾನೆಗಳು ಕೊಟ್ಟ ಜಕಾತಿಯಿಂದ ಅದು ದೇಶದ ಸಿರಿವಂತ ಪಾಲಿಕೆಗಳಲ್ಲಿ ಒಂದಾಯಿತು.

ಜನರ ಲೆಕ್ಕ ನೋಡಿ. 1971ರ ಜನಗಣತಿಯಲ್ಲಿ ನಿಮ್ಮ ಊರಿನಲ್ಲಿ ಒಂದು ಲಕ್ಷ ಜನ ಕೂಡ ಇರಲಿಲ್ಲ. 1991ಕ್ಕೆ 5 ಲಕ್ಷ ದಾಟಿತು. 2001ಕ್ಕೆ 10 ಲಕ್ಷ. 2011ಕ್ಕೆ 17 ಲಕ್ಷ 27 ಸಾವಿರ. ನಡುವೆ ಸುತ್ತಲಿನ ಹಳ್ಳಿಗಳು ಪಾಲಿಕೆಗೆ ಸೇರಿದವು ನಿಜ. ಆದರೆ ಅಷ್ಟರಿಂದಲೇ ಈ ಲೆಕ್ಕ ತುಂಬುವುದಿಲ್ಲ. ನಿಮ್ಮ ಸೊಸೈಟಿಯ ಗೇಟಿನಲ್ಲಿ ಹದಿನೇಳು ಜನರನ್ನು ನಿಲ್ಲಿಸಿ. ಹೆಚ್ಚಿನವರು ಬಂದವರು, ಇಲ್ಲವೇ ಬಂದವರ ಮಕ್ಕಳು. ಅವರಲ್ಲಿ ನೀವೂ ಒಬ್ಬರು. 2021ರಲ್ಲಿ ಆಗಬೇಕಿದ್ದ ಜನಗಣತಿ ಆ ವರ್ಷ ಆಗಲಿಲ್ಲ. ಹಾಗಾಗಿ ನೀವು ಯಾರ ಮೇಲೆ ದೂರು ಹೇಳುತ್ತಿದ್ದೀರೋ ಆ ಹುಡುಗರು ಈ ಲೆಕ್ಕದಲ್ಲಿ ಇಲ್ಲ.

ನನ್ನ ಸೋದರಮಾವ ಚಿಂಚವಾಡದಲ್ಲಿ ಟರ್ನರ್ ಆಗಿದ್ದರು. 1979ರ ಬೇಸಿಗೆ ರಜೆಯಲ್ಲಿ ಅವರಲ್ಲಿಗೆ ಹೋಗಿದ್ದೆ. ಬಿಜಾಪುರದಿಂದ ಸೋಲಾಪುರಕ್ಕೆ ಮೀಟರ್‌ಗೇಜ್ ಗಾಡಿ, ಅಲ್ಲಿ ಬದಲಾಯಿಸಿ ಪುಣೆ, ಪುಣೆಯಿಂದ ಆಗಷ್ಟೇ ಶುರುವಾಗಿದ್ದ ಲೋಕಲ್. ತಲೆ ಮೇಲೆ ಅರ್ಧ ಚೀಲ ಜೋಳದ ಹಿಟ್ಟು, ಕೈಯಲ್ಲಿ ತಗಡಿನ ಟ್ರಂಕು. ಮಾವನ ಖೋಲಿ ಹತ್ತು ಅಡಿಗೆ ಹತ್ತು ಅಡಿ. ಅದರಲ್ಲಿ ಆರು ಜನ. ಮೂರು ಹಾಸಿಗೆ. ಮೊದಲ ಪಾಳಿಯವರು ಎದ್ದು ಹೋದರೆ ರಾತ್ರಿ ಪಾಳಿಯವರು ಬಂದು ಅದೇ ಹಾಸಿಗೆಯಲ್ಲಿ ಉರುಳುತ್ತಿದ್ದರು. ಹಾಸಿಗೆ ಆರುತ್ತಲೇ ಇರಲಿಲ್ಲ. ಆ ಆರು ಜನರಲ್ಲಿ ಇಬ್ಬರು ಲಾತೂರಿನವರು, ಒಬ್ಬ ಕೇರಳದವನು, ಒಬ್ಬ ಖಾನದೇಶದವನು, ಒಬ್ಬ ಅಥಣಿಯವನು, ನನ್ನ ಮಾವ. ಬೆಳಿಗ್ಗೆ ಕಾರ್ಖಾನೆಯ ಭೋಂಗಾ ಕೂಗುವ ಮೊದಲು ಪಕ್ಕದ ಖೋಲಿಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ತಿಂಗಳಿಗೆ ದುಡ್ಡು ಕೊಟ್ಟು ಡಬ್ಬಿ ಕಟ್ಟಿಸಿಕೊಳ್ಳುತ್ತಿದ್ದರು. ಖೋಲಿ ಬಾಡಿಗೆಗೆ ಹುಡುಕುವಾಗ "ಬಾಹೇರಚೆ" ಅಂತ ಹೇಳಿ ಮೂವರು ಮಾಲೀಕರು ಬಾಗಿಲು ಹಾಕಿದ್ದನ್ನು ಮಾವ ಸಾಯುವ ತನಕ ಮರೆಯಲಿಲ್ಲ. ಹಾಗಂದರೆ ಹೊರಗಿನವರು ಅಂತ. ನೀವು 1974ರಲ್ಲಿ ಇಳಿದವರು. ಆ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಅದನ್ನೇ ಈಗ ಕನ್ನಡದಲ್ಲಿ ಬರೆದು ನನಗೆ ಕಳಿಸಿದ್ದೀರಿ ನೋಡಿ.

ನೀವು ಬಂದ ಅದೇ 1974ರಲ್ಲಿ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ ಒಬ್ಬ ಹುಡುಗಿ ಟೆಲ್ಕೊದ ಜಾಹೀರಾತು ನೋಡಿದಳು. 'ಮಹಿಳೆಯರು ಅರ್ಜಿ ಹಾಕುವುದು ಬೇಡ' ಅಂತ ಇತ್ತು. ಸಿಟ್ಟಿಗೆದ್ದು ಜೆ. ಆರ್. ಡಿ. ಟಾಟಾ ಅವರಿಗೇ ಕಾರ್ಡು ಬರೆದಳು. ಕರೆ ಬಂತು, ಪುಣೆಗೆ ಹೋಗಿ ಕೆಲಸಕ್ಕೆ ಸೇರಿದಳು. ಸುಧಾ ಮೂರ್ತಿಯವರ ಈ ಕತೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹೆಮ್ಮೆಯಿಂದ ಹೇಳುತ್ತೇವೆ. 1989ರಲ್ಲಿ ಟೆಲ್ಕೊ ಕಾರ್ಮಿಕರು ಪುಣೆಯ ಶನಿವಾರವಾಡೆಯ ಎದುರು ಉಪವಾಸ ಕೂತರಲ್ಲ, ಅವರ ಮುಂದಾಳು ರಾಜನ್ ನಾಯರ್. ಮರಾಠಿ ಮಾತಾಡುವ ಸಾವಿರಾರು ಕಾರ್ಮಿಕರು ಆ ಕೇರಳದ ಹೆಸರಿನ ಹಿಂದೆ ಕೂತರು. ಪೊಲೀಸರು ಬಂದು ಎಬ್ಬಿಸಿದಾಗ ಒಟ್ಟಿಗೇ ವ್ಯಾನು ಹತ್ತಿದರು. ನೀವು ಹೇಳುವ 'ಎಲ್ಲರಿಗೂ ಎಲ್ಲರ ಗುರುತು ಇದ್ದ' ಕಾಲ ಅದೇ. ಗುರುತು ಬೆಳೆದದ್ದು ಒಂದೇ ಊರಿನವರು ಅಂತಲ್ಲ. ಒಂದೇ ಗೇಟಿನಲ್ಲಿ ಇಪ್ಪತ್ತು ವರ್ಷ ಕಾರ್ಡು ಪಂಚ್ ಮಾಡಿದರು ಅಂತ.

ಈಗ ಆ ಗೇಟು ಹೋಯಿತು. ನಿಮ್ಮ ಪತ್ರದಲ್ಲಿ ಬಿಟ್ಟುಹೋಗಿರುವುದು ಇದು. ಆಕುರ್ಡಿಯಲ್ಲಿ ಬಜಾಜ್ 2007ರಲ್ಲಿ ಗಾಡಿ ತಯಾರಿಸುವುದನ್ನು ನಿಲ್ಲಿಸಿತು. ಕೆಲಸ ಚಾಕಣಕ್ಕೆ, ಇನ್ನೂ ದೂರಕ್ಕೆ ಸರಿಯಿತು. ಹಿಂಜವಡಿಯಲ್ಲಿ ಐಟಿ ಪಾರ್ಕ್ ಬಂತು, ವಾಕಡದ ಹೊಲಗಳಲ್ಲಿ ಇಪ್ಪತ್ತು ಅಂತಸ್ತಿನ ಕಟ್ಟಡ ಎದ್ದವು. ಉಳಿದ ಕಾರ್ಖಾನೆಗಳಲ್ಲೂ ಈಗ ಹುಡುಗರನ್ನು ಕಂತ್ರಾಟಿನ ಮೇಲೆ ತೆಗೆದುಕೊಳ್ಳುತ್ತಾರೆ. ಏಳೆಂಟು ತಿಂಗಳು ಆದ ಮೇಲೆ ಗೇಟಿನ ಹೊರಗೆ. ನಿಮಗೆ ಪರ್ಮನೆಂಟ್ ನೌಕರಿ ಇತ್ತು, ಪಿಎಫ್ ಇತ್ತು, ಕಂಪನಿ ಬಸ್ಸಿತ್ತು. ಕ್ಯಾಂಟೀನಿನಲ್ಲಿ ಎದುರು ಕೂತವನ ಮಗಳ ಮದುವೆಗೆ ಹೋಗುವಷ್ಟು ಸಮಯ ಇತ್ತು. ಏಳು ತಿಂಗಳಿಗೆ ಬಂದ ಹುಡುಗ ಯಾರ ಗುರುತು ಮಾಡಿಕೊಳ್ಳಬೇಕು? ನೀವು ಕಳೆದುಕೊಂಡ ಊರನ್ನು ಅವನು ಕದ್ದಿಲ್ಲ ಹಿರಿಯರೇ. ಅವನಿಗೆ ಅದು ಸಿಗಲೇ ಇಲ್ಲ.

ಎರಡು ವರ್ಷದ ಹಿಂದೆ ಮಾವನ ತಿಥಿಗೆ ನಿಮ್ಮ ಊರಿಗೆ ಬಂದಾಗ ಬೆಳಿಗ್ಗೆ ಎಂಟಕ್ಕೆ ಕೂಲಿ ಅಡ್ಡಾದಲ್ಲಿ ನಿಂತಿದ್ದೆ. ಗೌಂಡಿಗಳು ಕರಣೆ ಹಿಡಿದು ಒಂದು ಕಡೆ, ಹೆಣ್ಣುಮಕ್ಕಳು ಪುಟ್ಟಿ ಹಿಡಿದು ಇನ್ನೊಂದು ಕಡೆ. ಕಿವಿಗೆ ಬಿದ್ದದ್ದರಲ್ಲಿ ಅರ್ಧ ನಮ್ಮ ಮಾತು. ಅಫಜಲಪುರ ಕಡೆಯ ಒಬ್ಬ ತಾಯಿ ಕಂಕುಳಲ್ಲಿ ಕೂಸು ಎತ್ತಿಕೊಂಡು ನಿಂತಿದ್ದಳು. ಹೆಸರು ಕೇಳಿದೆ. "ಹೆಸರು ಯಾಕ್ ಬೇಕ್ರೀ ಯಪ್ಪಾ? ಇಲ್ಲಿ ಯಾರೂ ನಮ್ಮನ್ನ ಹೆಸರು ಹಿಡದು ಕರಿಯಂಗಿಲ್ಲ. ಕರ್ನಾಟಕದವ್ರು ಬರ್ರಿ ಅಂತಾರ, ಹೋಗ್ತೀವಿ" ಅಂದಳು. ಮನೆ ಪತ್ರಾಸಿನ ಶೆಡ್ಡು. ಕಟ್ಟಡ ಮುಗಿದರೆ ಶೆಡ್ಡು ಕಿತ್ತು ಇನ್ನೊಂದು ಕಡೆ. ವಾಕಡದ ಆ ಇಪ್ಪತ್ತು ಅಂತಸ್ತುಗಳಿಗೆ ಇಂಥವರೇ ಸಿಮೆಂಟು ಹೊತ್ತಿದ್ದು.

ನನಗೆ ಸಿಟ್ಟು ಬರುವುದು ಇಲ್ಲೇ. ಈ ಜನರ ಚರಿತ್ರೆಯನ್ನು ಯಾರೂ ಬರೆಯುವುದಿಲ್ಲ. ಕೋಟೆ ಕಟ್ಟಿದ ರಾಜನ ಮೇಲೆ ಹತ್ತು ಪುಸ್ತಕ ಬರುತ್ತವೆ. ಕಾರ್ಖಾನೆ ಕಟ್ಟಿದ ಧಣಿಗಳ ಮೇಲೂ ಬರುತ್ತವೆ. ಟೆಲ್ಕೊ ಆವರಣದಲ್ಲಿ ಅದರ ಮುಖ್ಯಸ್ಥ ಸುಮಂತ ಮೂಳಗಾಂವಕರ್ ಮರ ನೆಡಿಸಿದ್ದು, ಕೆರೆ ಮಾಡಿಸಿದ್ದು ಒಳ್ಳೆಯ ಕೆಲಸ. ಅದನ್ನು ಎಲ್ಲರೂ ಬರೆದಿದ್ದಾರೆ. ಆ ಗುಂಡಿ ತೋಡಿದವರು ಯಾವ ತಾಲೂಕಿನವರು ಅಂತ ಯಾರೂ ಕೇಳಿಲ್ಲ. ನಮ್ಮ ಕಡೆಯಂತೂ ಇನ್ನೂ ಕಷ್ಟ. ಊರು ಬಿಟ್ಟವರು ಇಲ್ಲಿಯ ಚರಿತ್ರೆಯಿಂದಲೂ ಬಿಟ್ಟುಹೋದರು, ಅಲ್ಲಿಯ ಚರಿತ್ರೆಗೂ ಸೇರಲಿಲ್ಲ. ಕನ್ನಡದ ಪತ್ರಿಕೆಗಳು ಅಮೆರಿಕದಲ್ಲಿರುವ ನಮ್ಮವರ ಯುಗಾದಿಗೆ ಫೋಟೊ ಹಾಕುತ್ತವೆ. ಭೋಸರಿಯಲ್ಲಿ ಪಾಳಿ ಮುಗಿಸಿ ಬಂದು ಬೇವು ಬೆಲ್ಲ ತಿಂದವರ ಫೋಟೊ ನಾನು ಎಲ್ಲೂ ನೋಡಿಲ್ಲ. ವಿಜಯಪುರ, ಕಲಬುರಗಿ, ಯಾದಗಿರಿಯಲ್ಲಿ ಐವತ್ತು ವರ್ಷದಿಂದ ಗುಳೆ ನಿಂತಿಲ್ಲ. ಕೃಷ್ಣೆ, ಭೀಮೆ ಹರಿಯುವ ಜಿಲ್ಲೆಗಳವು. ಅಲ್ಲಿಂದ ಯಾಕೆ ಇನ್ನೂ ಬಸ್ಸು ತುಂಬಿ ಹೋಗುತ್ತಾರೆ ಅಂತ ಬೆಂಗಳೂರಿನಲ್ಲಿ ಕೂತವರನ್ನು ಕೇಳಬೇಕಲ್ಲವೇ? ನಾವು ಬಂದವರ ಮೇಲೆ ಸಿಟ್ಟು ಮಾಡುತ್ತೇವೆ. ಕಳಿಸಿದವರನ್ನು ಕೇಳುವುದಿಲ್ಲ.

ಆಷಾಢ ಏಕಾದಶಿಗೆ ಪಂಢರಪುರ ಮುಟ್ಟಲು ತುಕಾರಾಮರ ಪಾಲಕಿ ದೇಹುವಿನಿಂದ ಹೊರಟು ಆಕುರ್ಡಿಯ ವಿಠಲ ಮಂದಿರದಲ್ಲಿ ತಂಗುತ್ತದೆ. ನಿಮ್ಮ ಮನೆಯಿಂದ ದೂರವಿಲ್ಲ. ಆ ವಿಠಲನನ್ನು ಕನ್ನಡಿಗ ಅಂತ ಹಾಡಿದವರು ಜ್ಞಾನೇಶ್ವರರೇ. ಕಾರ್ಖಾನೆ ಗೋಡೆಗಳ ನಡುವೆ ಆ ಪಾಲಕಿ ಸಾಗುವಾಗ ನೀವೂ ದಾರಿ ಬದಿ ನಿಂತು ವಾರಕರಿಗಳಿಗೆ ನೀರು ಕೊಡುತ್ತೀರಿ ಅಂತ ಪತ್ರದ ಮೂರನೇ ಪುಟದಲ್ಲಿ ಬರೆದಿದ್ದೀರಿ. ಯಾವ ಊರು ಅಂತ ಕೇಳಿ ಕೊಡುವುದಿಲ್ಲ ತಾನೇ?

ನಿಮ್ಮಲ್ಲಿ ಎರಡು ಕೆಲಸ ಕೇಳುತ್ತೇನೆ. ಮೊದಲನೆಯದು, ನಿಮ್ಮ ಮೊದಲ ವರ್ಷದ ಕತೆ ಬರೆಯಿರಿ. ಮೊದಲ ಪಗಾರ ಎಷ್ಟು, ಖೋಲಿಯಲ್ಲಿ ಯಾರ್ಯಾರು ಇದ್ದರು, ಮರಾಠಿ ಕಲಿಸಿದವರು ಯಾರು, ಎಲ್ಲ ಬೇಕು. ಹಳೆಯ ಗೇಟ್ ಪಾಸ್ ಇದ್ದರೆ ಅದರ ಫೋಟೊ ಕಳಿಸಿ. ಎಷ್ಟು ಪುಟವಾದರೂ ಹಾಕುತ್ತೇವೆ.

ಎರಡನೆಯದು ನಿಮ್ಮ ವಾಚ್‌ಮನ್. ನಾಲ್ಕು ಪುಟದಲ್ಲಿ ಆ ಹುಡುಗನಿಗೆ ಒಂದೇ ಸಾಲು ಕೊಟ್ಟಿದ್ದೀರಿ. ಹೆಸರು ಕೂಡ ಇಲ್ಲ. ಸಂಜೆ ಕೆಳಗೆ ಇಳಿದಾಗ ಅವನ ಹತ್ತಿರ ಎರಡು ನಿಮಿಷ ಕೂತು ಕನ್ನಡದಲ್ಲಿ ಮಾತಾಡಿಸಿ. ಯಾದಗಿರಿ ಅಂದರೆ ಶಹಾಪುರವೋ, ಸುರಪುರವೋ, ಗುರುಮಠಕಲ್ಲೋ ಕೇಳಿ. ಅವನು ಹೇಳಿದ್ದನ್ನು ನಿಮ್ಮ ದುಂಡು ಅಕ್ಷರದಲ್ಲಿ ಬರೆದು, ಎರಡೂ ಒಂದೇ ಲಕೋಟೆಯಲ್ಲಿ ಹಾಕಿ ಕಳಿಸಿ.